ಕೊಳೆತಿದ್ದ ಆರ್ಕಿಡ್ ಮತ್ತೆ ಬೇರು ಬಿಟ್ಟಿತು

ತೀರ್ಥಹಳ್ಳಿಯ ಅತ್ತೆ ಮನೆಯ ಅಂಗಳದಲ್ಲಿ ಫಲನಾಪ್ಸಿಸ್ ಎಂಬ ಜಾತಿಯ ಆರ್ಕಿಡ್‌ನ ಮೂರು ಕುಂಡಗಳು ಇಡೀ ಮಳೆಗಾಲ ನೆನೆದಿದ್ದವು. ಎಲೆಗಳು ಜೋತುಬಿದ್ದು ಸುಕ್ಕಾಗಿದ್ದವು. "ನೀನೇ ತಗೊಂಡು ಹೋಗು ಮಾರಾಯ್ತಿ, ನನ್ ಕೈಲಿ ಬದುಕಲ್ಲ" ಎಂದರು ಅತ್ತೆ.

ನೀರು ಸಾಲದೇನೋ ಅಂದುಕೊಂಡು ಒಂದು ವಾರ ದಿನಾ ನೀರು ಹಾಕಿದೆ. ಅದೇ ತಪ್ಪು. ಕಿತ್ತು ನೋಡಿದರೆ ತೋಟದ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪಿಚಕ್ಕೆನ್ನುತ್ತಿತ್ತು. ಬೇರೇ ಕೊಳೆತ ಮೇಲೆ ಎಲೆಗೆ ನೀರು ಹೋಗುವುದು ಹೇಗೆ, ಅಲ್ವಾ?

ಆಗ ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆ ನೆನಪಾಯಿತು. ಅದು ಮರದ ತೊಗಟೆಗೆ ಅಂಟಿಕೊಂಡು, ಬೇರನ್ನು ಗಾಳಿಗೆ ಬಿಟ್ಟು ಬದುಕುತ್ತದೆ. (ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸುಮ್ನೆ ಕಿತ್ತು ಎಸೆಯಬೇಡಿ.) ಫಲನಾಪ್ಸಿಸ್ ಬೇರಿಗೂ ಹಾಗೇ ಗಾಳಿ ಬೇಕು.

ಬ್ಲೇಡನ್ನು ಬೆಂಕಿಗೆ ಹಿಡಿದು, ಆರಿದ ಮೇಲೆ ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಒಂದು ಗಿಡದಲ್ಲಿ ನಾಲ್ಕು ಗಟ್ಟಿ ಬೇರು ಉಳಿದವು, ಇನ್ನೊಂದರಲ್ಲಿ ಎರಡೇ. ಮೂರನೆಯದರ ಬುಡವೇ ಕರಗಿತ್ತು, ಅದು ಹೋಯಿತು. ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟು, ತೂತು ಜಾಸ್ತಿ ಇರುವ ಕುಂಡದಲ್ಲಿ ಇದ್ದಿಲು, ಹೆಂಚಿನ ಚೂರು ತುಂಬಿ ಕೂರಿಸಿದೆ. ಜಗಲಿಯ ಸೂರಿನಡಿ, ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಕಡೆ ಇಟ್ಟೆ.

ನೀರಿಗೆ ಬೇರಿನ ಬಣ್ಣವೇ ಗುರುತು. ಹಸಿರಿದ್ದರೆ ಬೇಡ, ಬೆಳ್ಳಿಯಂತೆ ಬಿಳಿಚಿಕೊಂಡರೆ ಹಾಕಬೇಕು. ಎಲೆಗಳ ನಡುವಿನ ಕುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸುತ್ತೇನೆ.

ಆರನೇ ವಾರ ಹಸಿರು ತುದಿಯ ಹೊಸ ಬೇರು ಇಣುಕಿತು. ಹಳೆಯ ಎಲೆಯ ಸುಕ್ಕು ಇನ್ನೂ ಪೂರ್ತಿ ಹೋಗಿಲ್ಲ. ಹೊಸ ಎಲೆ ಮಾತ್ರ ನೆಟ್ಟಗಿದೆ. ಫೋಟೋ ಅತ್ತೆಗೆ ಕಳಿಸಿದ್ದೇನೆ.