ಶಾಲೆಯ ವರ್ಷದ ಕೊನೆ: ಮನೆಯವರು ಹೇಗೆ ಕೈಜೋಡಿಸಬಹುದು

ಕೊನೆಯ ವಾರಗಳಲ್ಲಿ ಶಾಲೆಯಿಂದ ಬರುವ ಮೆಸೇಜು ಜಾಸ್ತಿ. ಬಂದ ದಿನವೇ ಓದಿ, ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಎಲ್ಲ ಕಾರ್ಯಕ್ರಮಕ್ಕೂ ಹೋಗಲು ಆಗಲ್ಲ, ಅಲ್ವಾ? ಯಾವುದಕ್ಕೆ ಬರಲೇಬೇಕು ಅಂತ ಮಗುವನ್ನೇ ಕೇಳಿ. ವೇದಿಕೆಯ ಡ್ಯಾನ್ಸಿಗಿಂತ ತರಗತಿಯ ಗೋಡೆಗೆ ಅಂಟಿಸಿದ ತನ್ನ ಚಿತ್ರವನ್ನು, ಅದರ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒತ್ತಿ ಬರೆದ ಹೆಸರನ್ನು ತೋರಿಸುವ ಆಸೆಯೇ ಎಷ್ಟೋ ಮಕ್ಕಳಿಗೆ ಹೆಚ್ಚು. ನಿಮಗೆ ರಜೆ ಸಿಗದಿದ್ದರೆ ಅಜ್ಜಿಯೋ ಚಿಕ್ಕಪ್ಪನೋ ಹೋಗಲಿ, ಶಾಲೆಗೆ ಮೊದಲೇ ತಿಳಿಸಿ.

ಸಹಾಯ ಮಾಡುವುದಾದರೆ ಸುಮ್ನೆ 'ಏನಾದರೂ ಬೇಕಾ' ಅನ್ನಬೇಡಿ. 'ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಡಲು ಒಂದು ಗಂಟೆ ಇರುತ್ತೇನೆ' ಅಂತ ಹೇಳಿ, ಟೀಚರಿಗೆ ಅದು ನಿಜಕ್ಕೂ ಅನುಕೂಲ. ಅವರಿಗೆ ದುಬಾರಿ ಉಡುಗೊರೆಯೂ ಬೇಡ, ಮಗು ಕೈಯಾರೆ ಬರೆದ ಎರಡು ಸಾಲು ಸಾಕು. ಲೈಬ್ರರಿ ಪುಸ್ತಕ ವಾಪಸ್ ಮಾಡಿ, ಕಳೆದ ನೀರಿನ ಬಾಟಲಿಯನ್ನೂ ಒಮ್ಮೆ ವಿಚಾರಿಸಿ.