ಅಮೆರಿಕದ ವಂಶಾವಳಿ: ಅಚ್ಚಾದ ಪುಟಗಳಲ್ಲಿ ಹುಡುಕುವುದು ಹೇಗೆ?

ಹೆಳವರು ಮನೆ ಬಾಗಿಲಿಗೆ ಬಂದು ತಲೆತಲಾಂತರದ ಹೆಸರುಗಳನ್ನು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿದೆ. ಅಮೆರಿಕದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಅಚ್ಚಿನ ಮನೆಗಳು ಮಾಡಿವೆ. ವಂಶಾವಳಿಗೆಂದೇ ಬಾಸ್ಟನ್‌ನಲ್ಲಿ 1845ರಲ್ಲಿ ಹುಟ್ಟಿದ ಸಂಘದ ತ್ರೈಮಾಸಿಕ ಪತ್ರಿಕೆ 1847ರಿಂದ ಇಂದಿಗೂ ಹೊರಬರುತ್ತಿದೆ. ಅಮೆರಿಕದ ಬೀಗರಿರುವ ಕನ್ನಡ ಮನೆಗಳು ಈಗ ಅಪರೂಪವಲ್ಲ. ಮೊಮ್ಮಕ್ಕಳ ವಂಶವೃಕ್ಷದ ಆ ಕಡೆಯ ಕೊಂಬೆಗಳನ್ನು ಮೈಸೂರಿನಲ್ಲಿ ಕುಳಿತೇ ಹುಡುಕಬಹುದು.

ಮೊದಲು ಬೀಗರನ್ನೇ ಕೇಳಿ

ಯಾರೋ ಪ್ರಸಿದ್ಧ ಪೂರ್ವಜರನ್ನು ಹಿಡಿದು ಕೆಳಗಿಳಿಯಬೇಡಿ. ಇಂದಿನವರಿಂದ ಹೊರಟು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಪೂರ್ಣ ಹೆಸರು, ಹೆಂಗಸರ ತವರಿನ ಅಡ್ಡಹೆಸರು, ಮದುವೆಯಾದ ಊರು ಬರೆದುಕೊಳ್ಳಿ. ಹಳೆಯ ಮನೆತನಗಳಲ್ಲಿ ಬೈಬಲ್‌ನ ಖಾಲಿ ಹಾಳೆಗಳಲ್ಲಿ ಹುಟ್ಟು ಸಾವು ಬರೆದಿಡುತ್ತಿದ್ದರು. ಅದು ಯಾರ ಬಳಿಯಿದೆ ಎಂದು ವಿಚಾರಿಸಿ. ಊರಿಗಿಂತ ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗದ ಹೆಸರು ಮುಖ್ಯ. ಬಹುಪಾಲು ರಾಜ್ಯಗಳಲ್ಲಿ ಉಯಿಲು, ಜಮೀನು, ಮದುವೆಯ ಪತ್ರಗಳು ಇರುವುದು ಅಲ್ಲೇ. ಕೌಂಟಿಗಳು ಒಡೆದು ಹೊಸದಾಗುತ್ತಿದ್ದವು. ಹಾಗಾಗಿ ಮನೆ ಬದಲಿಸದ ಕುಟುಂಬವೂ ಎರಡು ಕೌಂಟಿಗಳ ದಾಖಲೆಯಲ್ಲಿ ಸಿಗಬಹುದು.

ಜನಗಣತಿಯ ಮೆಟ್ಟಿಲು

1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. ಹೆಸರಿರುವ ಹಾಳೆಗಳನ್ನು 72 ವರ್ಷ ಗುಟ್ಟಾಗಿಡುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ಅಲ್ಲಿಂದ ಹಿಂದಕ್ಕೆ ಇಳಿಯಿರಿ. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆದದ್ದು 1880ರಿಂದ. ಅದಕ್ಕೂ ಹಿಂದಿನ ಹಾಳೆಯಲ್ಲಿ ಹೆಂಗಸೊಬ್ಬಳ ಹೆಸರು ಕಂಡರೆ ಅವಳೇ ಹೆಂಡತಿ ಎಂದುಕೊಳ್ಳಬೇಡಿ, ತಂಗಿಯೂ ಆಗಿರಬಹುದು. 1850ಕ್ಕೆ ಮೊದಲು ಯಜಮಾನನ ಹೆಸರಷ್ಟೇ. 1890ರ ಹಾಳೆಗಳು 1921ರ ಬೆಂಕಿಯಿಂದಾಗಿ ಬಹುತೇಕ ಉಳಿದಿಲ್ಲ. ನಗರದವರಾದರೆ ಆ ಕಾಲದ ಅಚ್ಚಾದ ವಿಳಾಸ ಪುಸ್ತಕಗಳನ್ನು ನೋಡಿ.

ಪುಸ್ತಕಗಳು

ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ ಪುಸ್ತಕಗಳಿಗೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಫ್ಯಾಮಿಲಿಸರ್ಚ್, ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್ ತಾಣಗಳಲ್ಲಿ ಅಂಥವು ರಾಶಿ ರಾಶಿ ಇವೆ, ಹಣ ಕೊಡಬೇಕಿಲ್ಲ. ಅಡ್ಡಹೆಸರಿನ ಜೊತೆ ಕೌಂಟಿಯ ಹೆಸರನ್ನೂ ಹಾಕಿ ಹುಡುಕಿ. ಕಾಗುಣಿತ ಬದಲಿಸಿ ಮತ್ತೊಮ್ಮೆ ಹುಡುಕಿ.

ಸಿಕ್ಕ ಕೂಡಲೇ ನಂಬಬೇಡಿ. ಅಚ್ಚಾದದ್ದು ಸುಳಿವು ಮಾತ್ರ. ಸಾಕ್ಷಿ ಇರುವುದು ಅದರ ಹಿಂದಿನ ದಾಖಲೆಯಲ್ಲಿ. 19ನೇ ಶತಮಾನದ ಕೊನೆಯಲ್ಲಿ ಬಂದ ಎಷ್ಟೋ ಕೌಂಟಿ ಇತಿಹಾಸಗಳಲ್ಲಿ ಚಂದಾ ಕೊಟ್ಟವರ ಜೀವನಚರಿತ್ರೆಗೆ ಜಾಗ ಸಿಗುತ್ತಿತ್ತು. ಆತ ತನ್ನ ಬಗ್ಗೆ ಹೇಳಿದ್ದು ಸಾಮಾನ್ಯವಾಗಿ ನಂಬತಕ್ಕದ್ದು. ಆದರೆ ‘ಮೂವರು ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು’ ಎಂಬ ಕಥೆ ಅಸಂಖ್ಯ ಮನೆತನಗಳಲ್ಲಿದೆ, ಅದಕ್ಕೆ ದಾಖಲೆ ಕೇಳಿ. ಗುಸ್ತಾವ್ ಅಂಜೂ ಎಂಬಾತ ಶ್ರೀಮಂತರಿಗೆ ಸುಳ್ಳು ವಂಶಾವಳಿಗಳನ್ನು ಕಟ್ಟಿಕೊಟ್ಟ. ಅವು ಈಗಲೂ ಗ್ರಂಥಾಲಯಗಳಲ್ಲಿವೆ; ಆ ಹೆಸರು ಕಂಡರೆ ಬದಿಗಿಡಿ.

ಪ್ರಾಮಾಣಿಕ ಪುಸ್ತಕವೂ ಏನನ್ನೋ ಕಳೆದಿರುತ್ತದೆ. ಮ್ಯಾಸಚೂಸೆಟ್ಸ್‌ನ ಅನೇಕ ಊರುಗಳ 1850ರವರೆಗಿನ ಹುಟ್ಟು, ಮದುವೆ, ಸಾವುಗಳು ಅಕಾರಾದಿಯಾಗಿ ಅಚ್ಚಾಗಿವೆ. ಹುಡುಕಲು ಸುಲಭ, ನಿಜ. ಆದರೆ ಮೂಲ ವಹಿಯಲ್ಲಿ ಅಕ್ಕಪಕ್ಕ ಇದ್ದ ನಮೂದುಗಳು ಇಲ್ಲಿ ಚದುರಿಹೋಗಿವೆ. ಅದಕ್ಕೇ ಮೂಲದ ಚಿತ್ರವನ್ನು ನೋಡಲೇಬೇಕು.

ಇಸವಿಯಲ್ಲೂ ಎಚ್ಚರ ಬೇಕು. 1752ಕ್ಕೆ ಮುಂಚೆ ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಮದುವೆ 1731ರ ಮೇ, ಮಗು 1731ರ ಫೆಬ್ರುವರಿ ಎಂದಿದ್ದರೆ ಮಗು ಹುಟ್ಟಿದ್ದು ಮದುವೆಯಾದ ಒಂಬತ್ತು ತಿಂಗಳಿಗೆ.

ಪುಸ್ತಕಗಳು ಬಿಟ್ಟವರು

ಹಳೆಯ ವಂಶಾವಳಿ ಗ್ರಂಥಗಳಲ್ಲಿ ಹೆಚ್ಚಿನವು ಬಿಳಿಯರ ಮನೆತನಗಳವು. ಬೀಗರು ಆಫ್ರಿಕನ್ ಅಮೆರಿಕನ್ನರಾದರೆ ದಾರಿ ಬೇರೆ, ಹುಡುಕುವವರ ಹೊಣೆಯೂ ದೊಡ್ಡದು. 1850 ಮತ್ತು 1860ರ ಗಣತಿಯ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿದೆ. ಗುಲಾಮರದ್ದು ವಯಸ್ಸು, ಲಿಂಗ, ಮೈಬಣ್ಣವಷ್ಟೇ, ಹೆಸರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಿಡುಗಡೆಯಾದವರೆಲ್ಲ ಹೆಸರಿನೊಂದಿಗೆ ಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೂ ಹಿಂದೆ ಹೋಗಲು ಒಡೆಯನ ಉಯಿಲು, ಆಸ್ತಿಪಟ್ಟಿ ಮತ್ತು ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ 1865ರಲ್ಲಿ ಆರಂಭಿಸಿದ ಫ್ರೀಡ್‌ಮೆನ್ಸ್ ಬ್ಯೂರೋದ ಕಡತಗಳನ್ನು ನೋಡಬೇಕು.

ಪತ್ರಿಕೆಗಳನ್ನು ಮರೆಯಬೇಡಿ. ಅಂತರ್ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರು ಮಾರಾಟದಲ್ಲಿ ಅಗಲಿದ ತಾಯಿಯನ್ನು, ಮಕ್ಕಳನ್ನು ಹುಡುಕಿಕೊಡಿ ಎಂದು ಜಾಹೀರಾತು ಕೊಡುತ್ತಿದ್ದರು. ಫಿಲಡೆಲ್ಫಿಯಾದ ‘ಕ್ರಿಶ್ಚಿಯನ್ ರೆಕಾರ್ಡರ್’ ಅಂಥವನ್ನು ವರ್ಷಗಟ್ಟಲೆ ಅಚ್ಚುಹಾಕಿತು. ಒಂದೇ ಜಾಹೀರಾತಿನಲ್ಲಿ ತಾಯಿ, ಒಡಹುಟ್ಟಿದವರು, ಒಡೆಯರು, ಊರು ಎಲ್ಲವೂ ಸಿಗುವುದುಂಟು. ಬೇರೆ ಊರುಗಳ ಹಳೆಯ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಎಂಬ ಆನ್‌ಲೈನ್ ಸಂಗ್ರಹ ಉಚಿತ. ಹುಡುಕುವಾಗ ಒಡೆಯನ ಅಡ್ಡಹೆಸರನ್ನೂ ಹಾಕಿ. ಸಿಕ್ಕ ಪ್ರತಿ ಹೆಸರಿನ ಪಕ್ಕದಲ್ಲಿ ಪತ್ರಿಕೆ, ದಿನಾಂಕ, ಪುಟವನ್ನು ಆಗಲೇ ಬರೆದಿಡಿ.