ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಪಾದ್ರಿ ಆಗೋಕೆ ಓದೋ ಡಿಗ್ರಿ) ಓದ್ಬೇಕು ಅಂತಿದೀರಾ? ಅಪ್ಲಿಕೇಶನ್ ತುಂಬೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಭಾನುವಾರ ಆರಾಧನೆ ಮುಗಿದು ಚರ್ಚ್ ಹೊರಗೆ ನಿಂತು ಟೀ ಕುಡೀವಾಗ ಹುಡುಗ್ರು ಬಂದು ಕೇಳೋದು ಒಂದೇ, "ಅಂಕಲ್, ದೇವರ ಸೇವೆಗೆ ಕರೆ ಇದೆ ಅನ್ಸುತ್ತೆ, ಯಾವ ಕಾಲೇಜು ಸೇರ್ಲಿ?" ನಾನು ತಿರುಗಿ ಕೇಳೋದೂ ಒಂದೇ, ಓದಿ ಬಂದ್ಮೇಲೆ ನಿನ್ನ ಕೈಗೆ ಸಭೆ, ಅಂದ್ರೆ ನೋಡ್ಕೊಳ್ಳೋಕೆ ಒಂದು ಚರ್ಚು, ಕೊಡೋರು ಯಾರಪ್ಪ?

ಹುಡುಕಾಟ ಅಲ್ಲಿಂದ ಶುರು ಆಗ್ಬೇಕು. ಕಾಲೇಜು ಕೊಡೋದು ಡಿಗ್ರಿ, ಆರ್ಡಿನೇಷನ್, ಅಂದ್ರೆ ಪಾದ್ರಿ ದೀಕ್ಷೆ, ಕೊಡೋದು ಬಿಷಪ್ಪು. ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್ ಸಭೆ) ಅಯ್ಯನೋರಾಗ್ಬೇಕು ಅಂದ್ರೆ ಮೊದ್ಲು ನಿಮ್ಮ ಸಭಾಪಾಲಕರನ್ನ, ಆಮೇಲೆ ಡಯಾಸಿಸ್ (ಬಿಷಪ್ಪಿನ ಆಡಳಿತ ಪ್ರಾಂತ) ಆಫೀಸನ್ನ ಕಂಡು, ನೀವೇ ಸ್ಪಾನ್ಸರ್ ಮಾಡ್ತೀರಾ, ಯಾವ ಡಿಗ್ರಿ ಒಪ್ತೀರಾ ಅಂತ ಕೇಳಿ. ನನ್ನ ಚಿಕ್ಕಪ್ಪನ ಮಗ ಇದನ್ನ ಕೇಳ್ದೇನೇ, ಚೆಂದದ ಬ್ರೋಷರ್ ನೋಡಿ ಒಂದು ಕಡೆ 3 ವರ್ಷ ಓದ್ದ, ವಾಪಸ್ ಬಂದಾಗ "ಈ ಸರ್ಟಿಫಿಕೇಟ್ ನಡಿಯಲ್ಲ" ಅಂದ್ಬಿಟ್ರು. ಈಗ ಅವ್ನು ಇನ್ಶೂರೆನ್ಸ್ ಮಾಡಿಸ್ತಾನೆ. (ಕ್ಯಾಥೊಲಿಕ್ ಹುಡುಗ್ರಿಗೆ ಈ ತಲೆನೋವಿಲ್ಲ, ಸೆಮಿನರಿಗೆ ಕಳ್ಸೋದು ಬಿಷಪ್ಪೋ ಸನ್ಯಾಸಿ ಸಭೆಯ ಹಿರಿಯರೋ ನೋಡ್ಕೋತಾರೆ.)

ಎರಡನೇದು, ಡಿಗ್ರಿ ಹಿಂದೆ ಯಾರಿದಾರೆ ಅಂತ ನೋಡಿ. ನಮ್ಮಲ್ಲಿ ಹಳೇ ಹೆಸರು ಬಂಗಾಳದ ಸೆರಾಂಪುರದ್ದು. 1818ರಲ್ಲಿ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ ಮತ್ತವರ ಜೊತೆಗಾರರು ಕಟ್ಟಿದ ಕಾಲೇಜು, ಆಗ ಆ ಊರು ಡೆನ್ಮಾರ್ಕ್ ಕೈಲಿತ್ತು, ಹಂಗಾಗಿ ಡಿಗ್ರಿ ಕೊಡೋ ಅಧಿಕಾರ ಸಿಕ್ಕಿದ್ದು 1827ರಲ್ಲಿ ಡೆನ್ಮಾರ್ಕ್ ರಾಜನಿಂದ. ಬೆಂಗಳೂರಿನ ಯುಟಿಸಿ (ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು), ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಡಿಗ್ರಿ ಕೊಡೋ ಇದೇ ಸೆರಾಂಪುರ ಸೆನೆಟ್ ಕೆಳಗೆ ಬರ್ತವೆ. ಇನ್ನೊಂದು ದಾರಿ ಎಟಿಎ, ಅಂದ್ರೆ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್, ಬೆಂಗಳೂರಿನ ಸಯಾಕ್ಸ್ ಅನ್ನೋ ಕಾಲೇಜು ಆ ಕಡೆಯದು. ಎಟಿಎಸ್ ಅನ್ನೋದು ಬೇರೆ, ಅದು ಅಮೆರಿಕ-ಕೆನಡಾದ್ದು, ಒಂದಕ್ಷರ ನೋಡಿ ಮೋಸ ಹೋಗ್ಬೇಡಿ. ಅಲ್ಲಿ ಪಾದ್ರಿ ಆಗೋಕೆ ಓದೋ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಸಾಮಾನ್ಯವಾಗಿ 3 ವರ್ಷ, ನಮ್ಮ ಬಿ.ಡಿ. ಬೇರೆ ಡಿಗ್ರಿ ಮುಗ್ಸಿರೋರಿಗೆ 4 ವರ್ಷ. ಸಭೆ ನಡೆಸೋ ಆಸೆ ಇಲ್ಲ, ಬರೀ ಓದ್ಬೇಕು ಅನ್ನೋರು ಮೈಸೂರು ವಿವಿಯ ಕ್ರೈಸ್ತ ಅಧ್ಯಯನ ವಿಭಾಗನೂ ಒಂದ್ಸಲ ವಿಚಾರಿಸಿ.

ಯಾರೂ ಕೇಳದೇ ಇರೋ ಪ್ರಶ್ನೆ ಅಂದ್ರೆ ಭಾಷೇದು, ನನ್ ಪ್ರಕಾರ ಇದೇ ದೊಡ್ಡದು. ಹೀಬ್ರೂ ಬಲದಿಂದ ಎಡಕ್ಕೆ ಬರಿಯೋದು ಕಲೀತೀರಿ, ಗ್ರೀಕ್ ಕ್ರಿಯಾಪದ ಬಾಯಿಪಾಠ ಮಾಡ್ತೀರಿ, ನೋಟ್ಸೆಲ್ಲ ಇಂಗ್ಲಿಷಲ್ಲೇ, ಆಮೇಲೆ ಯಾವ್ದೋ ಹಳ್ಳಿ ಸಭೇಲಿ ಮೊದಲ್ನೇ ಪ್ರಸಂಗಕ್ಕೆ (ಉಪದೇಶಕ್ಕೆ) ನಿಂತಾಗ "ರಿಡೆಂಪ್ಷನ್" ಅಂತ ಬಾಯಿಗೆ ಬಂದು "ವಿಮೋಚನೆ" ಅನ್ನೋ ಮಾತು ಸಿಗ್ದೇ ನೀರು ಕುಡಿಯೋ ನೆಪದಲ್ಲಿ ಲೋಟ ಎತ್ತಿದವ್ರನ್ನ ನಾನೇ ನೋಡಿದೀನಿ, ಮುಂದಿನ ಸಾಲಲ್ಲಿ ಕೂತ ಅಜ್ಜಿ ಮೆಲ್ಲಗೆ ಪದ ಎತ್ಕೊಟ್ರು. ಕನ್ನಡ ಸಭೆಗೇ ಹೋಗೋರಾದ್ರೆ ಮಂಗಳೂರಿಗೆ ನನ್ನ ಓಟು, 1965ರಲ್ಲಿ ಅಲ್ಲಿನ ಬಾಸೆಲ್ ಮಿಶನ್ ಸೆಮಿನರಿ ಜೊತೆ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿ ಸೇರಿ ಆದ ಕಾಲೇಜು ಅದು. ಎಲ್ಲಿ ಸೇರಿದ್ರೂ, ಪ್ರಸಂಗದ ಪ್ರಾಕ್ಟೀಸು ಯಾವ ಭಾಷೇಲಿ, ವಾರಾಂತ್ಯದ ಫೀಲ್ಡ್ ವರ್ಕ್ ಯಾವ ಸಭೇಲಿ ಅಂತ ಕೇಳ್ಕೊಳ್ಳಿ.

ಒಂದಿನ ಹೋಗಿ ನೋಡ್ಕೊಂಡೂ ಬನ್ನಿ. ಪ್ರಿನ್ಸಿಪಾಲ್ ರೂಮಿಗಿಂತ ಮೆಸ್ಸಲ್ಲಿ ಕೂತು 3ನೇ ವರ್ಷದೋರನ್ನ ಮಾತಾಡ್ಸಿ, ಲೈಬ್ರರಿ ರಾತ್ರಿ ಎಷ್ಟೊತ್ತಿನ ತನಕ ತೆಗ್ದಿರುತ್ತೆ, ಮದುವೆ ಆದೋರಿಗೆ ಕ್ವಾರ್ಟರ್ಸ್ ಇದ್ಯಾ, ಸ್ಕಾಲರ್‌ಶಿಪ್ ನಿಜವಾಗ್ಲೂ ಕೈಗೆ ಬರುತ್ತಾ ಎಲ್ಲ ಅವ್ರೇ ಹೇಳ್ತಾರೆ. ಹೆಣ್ಮಕ್ಳಾದ್ರೆ ಹಾಸ್ಟೆಲ್ ಜೊತೆಗೆ, ನಿಮ್ಮ ಸಭೆ ಹೆಂಗಸರಿಗೆ ಆರ್ಡಿನೇಷನ್ ಕೊಡುತ್ತಾ ಅಂತ್ಲೂ ಕೇಳಿ. ಸಿಎಸ್‌ಐ ಕೊಡುತ್ತೆ, 2013ರಲ್ಲಿ ನಂದ್ಯಾಲಕ್ಕೆ ಮಹಿಳಾ ಬಿಷಪ್ ಕೂಡ ಆದ್ರು, ಎಲ್ಲಾ ಸಭೆಗಳೂ ಹಂಗಿಲ್ಲ.

ಇನ್ನು ಕಾಗದಪತ್ರ. ಮಾರ್ಕ್ಸ್ ಕಾರ್ಡು ಹೆಂಗೂ ಮನೇಲಿರುತ್ತೆ, ಸಿಕ್ಕಾಕ್ಕೊಳ್ಳೋದು ದೀಕ್ಷಾಸ್ನಾನದ ಸರ್ಟಿಫಿಕೇಟಲ್ಲಿ. ಚಿಕ್ಕಂದಿನಲ್ಲಿ ಬೇರೆ ಊರಲ್ಲಿ ಆಗಿದ್ರೆ ಅಲ್ಲಿನ ಹಳೇ ರಿಜಿಸ್ಟರ್ ತೆಗ್ಸಿ ಹುಡುಕ್ಬೇಕು, ಈ ವಾರಾನೇ ಫೋನ್ ಮಾಡಿ ಹೇಳಿಡಿ.